ಮಣ್ಣಿಗೆ ಸಿಗಲಿಲ್ಲ

ಅವನ ಹೆಸರು ಮುತಸಿಮ್.
ನನ್ನ ನಾಲಿಗಿಗೆ ಹತ್ತಲಿಲ್ಲ, ಮುತ್ತಪ್ಪ ಅಂದೆ.
ಹತ್ತು ಊಟ ಆಗೋದ್ರಾಗ ಅವನೂ ಓ ಅನ್ನಾಕ ಕಲತ.

ಕೋಂಢವಾದಾಗ ನಮ್ಮ ಖಾನಾವಳಿ: ಎರಡು ಬೆಂಚು, ಒಂದು ಫ್ಯಾನು,
ಗಾರೆ ಕೆಲಸದವರು, ರಿಕ್ಷಾದವರು, ಎಲ್ಲಾ ನಮ್ಮ ಕಡೆಯವರು.
ಸೂಡಾನ್‌ದಿಂದ ಫಾರ್ಮಸಿ ಓದಾಕ ಬಂದ ಹುಡುಗ
ವಾಸನಿ ಹಿಡದು ಒಳಗ ಬಂದ.
ಜ್ವಾಳದ ರೊಟ್ಟಿ ಮುರದು, ಮೂಗಿಗೆ ಹಿಡದು,
"ನಮ್ಮಲ್ಲೂ ಇದ" ಅಂದ, ಹರಕು ಹಿಂದಿಯೊಳಗ.
"ನಿಮ್ಮಲ್ಲಿ ಯಾಕ ಇರತೈತೋ?" ಅಂತ ನಕ್ಕೆ.
ಜ್ವಾಳ ನಮ್ಮಪ್ಪನ ಹೊಲದಾಗ ಹುಟ್ಟಿದ್ದು ಅಂತ ತಿಳಕೊಂಡಿದ್ದೆ.

ವೈಶಾಖದಾಗ ಒಂದಿನ ಬರಲಿಲ್ಲ. ಎರಡ ದಿನ ಬರಲಿಲ್ಲ.
ಮೂರನೇ ರಾತ್ರಿ ಹಂಚು ಇಳಿಸೋ ಹೊತ್ತಿಗೆ ಬಂದ,
ಒಂದು ಚಪ್ಪಲ್ ಅವಂದು, ಒಂದು ಬ್ಯಾರೆಯವರದು.
"ಹಬೂಬಾ" ಅಂದ. ಮುಂದ ಹಿಂದಿ ಬರಲಿಲ್ಲ.
ಫೋನು ತಗದು ತೋರಿಸಿದ:
ಬಿಳೀ ಅರಿವಿ ಹೊದ್ದ ಮುದುಕಿ, ಗಲ್ಲದ ಮ್ಯಾಲೆ ಮೂರು ಗೆರಿ,
ನಗೋಕ್ಕಿಂತ ಚೂರು ಮೊದಲು ಹೊಡದ ಫೋಟೋ.

ಹಬೂಬಾ ಅಂದ್ರ ಅಜ್ಜಿ.
ಊರಾಗ ಗುಂಡು ಹಾರತಿದ್ವು, ನೆಟ್‌ವರ್ಕ್ ಇರಲಿಲ್ಲಂತ,
ಸುದ್ದಿ ಬರಾಕ ಹನ್ನೊಂದ ದಿನ ಹಿಡೀತು.
ಹನ್ನೊಂದ ದಿನ ಆಕಿ ಇವನ ಪಾಲಿಗೆ ಜೀವಂತ ಇದ್ಲು.
ಪರೀಕ್ಷೆ ಬರದ, ಕ್ರಿಕೆಟ್ ನೋಡಿದ,
ಸಾರಿನಾಗ ಉಪ್ಪು ಹೆಚ್ಚಾತಂತ ನನ್ನ ಕೂಡ ಜಗಳಾಡಿದ.
"ಆ ದಿನಗಳನ್ನ ಹೆಂಗ ಲೆಕ್ಕಾ ಹಿಡೀಲಿ?"
ನಾ ದಿನಾ ಲೆಕ್ಕಾ ಬರಿಯಾಕಿ. ಹೇಳಾಕ ಬರಲಿಲ್ಲ.

ಅಕ್ಕ ಬೌರವ್ವ ಹೋದ ಸುದ್ದಿ ಬಂದಾಗ
ಮೂವತ್ತ ಮಂದಿಗೆ ಬ್ಯಾಳಿ ಬೇಯತಿತ್ತು.
ಇದ್ದವರಿಗೆ ಇಕ್ಕಿ, ಬಾಗಲಾ ಹಾಕಿ, ಸ್ವಾರಗೇಟಿನಾಗ ಬಸ್ಸು ಹಿಡದೆ.
ಸೊಲ್ಲಾಪುರ ದಾಟೋದ್ರಾಗ ಬಿಸಲು ನೆತ್ತಿಗೆ.
ಇಂಡಿಯಾಗ ಇಳದು ಓಡಿದ್ರ, ಮಂದಿ ಹಳ್ಳದಾಗ
ಕೈಕಾಲು ತೊಳಕೊಂಡು ತಿರಗಿ ಬರಾಕ ಹತ್ತಿದ್ರು.
"ಈ ಬಿಸಲಾಗ ಎಷ್ಟೊತ್ತು ಇಡೂದು, ತಂಗೀ" ಅಂದ್ರು.
ಮುನ್ನೂರು ಕಿಲೋಮೀಟರಿಗೇ ನಾ ಮಣ್ಣಿಗೆ ಸಿಗಲಿಲ್ಲ.
ಈ ಹುಡುಗಗ ನಡುವ ಒಂದು ಸಮುದ್ರ, ಒಂದು ಯುದ್ಧ,
ತಾರೀಖು ಮುಗದ ಪಾಸ್‌ಪೋರ್ಟು.

ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ,
ಓಣಿಯವರು ರೊಟ್ಟಿ ಪಲ್ಯಾ ತರಬೇಕು.
ಇವನ ರೂಮಿನಾಗ ಒಲೀನ ಇರಲಿಲ್ಲ, ಚಾದ ಕೆಟಲ್ ಅಷ್ಟ.
ಆದರೂ ನಾ ಬುಟ್ಟಿ ಕಟ್ಟಿದೆ. ತಗೊಳ್ಳಲಿಲ್ಲ.
"ಇಲ್ಲೇ ಮಾಡ್ತೀನಿ, ಆಕಿ ಮಾಡೋ ಹಂಗ."

ಜ್ವಾಳದ ಹಿಟ್ಟು ನೀರಾಗ ಕಲಸಿ ರಾತ್ರಿಯೆಲ್ಲಾ ಹುಳಿ ಬಿಟ್ಟ.
ಹಂಚಿನ ಮ್ಯಾಲೆ ಹರವಾಕ ಖರ್ಜೂರದ ಗರಿ ಬೇಕಂತ.
ಎಲ್ಲೀದು ತರೂದು? ಕಿಸೆದಾಗಿನ ಹಳೇ ಕಾಲೇಜ್ ಕಾರ್ಡು ತಗದ,
ತನ್ನ ಮಾರಿಯಿಂದನ ಹಿಟ್ಟು ಎಳದ.
ಮೊದಲಿಂದು ಹರೀತು.
ಎರಡನೇದು ಸುಟ್ಟಿತು, ಕಾರ್ಡಿನ ಮೂಲೀನೂ ಸುಟ್ಟಿತು.
ಮೂರನೇದು ಎದ್ದು ಬಂತು, ತೊಳದ ಅರಿವಿ ಹಂಗ ತೆಳ್ಳಗ.
ಆಗ ಅತ್ತ.
ನಾ ಉಳ್ಳಾಗಡ್ಡಿ ಹೆಚ್ಚಾಕ ಕುಂತೆ,
ಬೇಕಾಗಿರಲಿಲ್ಲ, ಆದರೂ ಎರಡು ಕಿಲೋ ಹೆಚ್ಚಿದೆ.

ಮಧ್ಯಾಹ್ನ ಗಾರೆಯವರು ಅದನ್ನ ಉಂಡ್ರು.
"ದೋಸಿ ಭಾಳ ಹುಳಿ ಆಗೇತಿ, ಅಕ್ಕಾರ" ಅಂದ್ರು,
ಮತ್ತ ಎರಡೆರಡು ಹಾಕಿಸಿಕೊಂಡ್ರು.
ಬೌರವ್ವನ ಹೆಸರಿಲೆ ಒಂದು ತುತ್ತು ನಾನೂ ಉಂಡೆ.
ಅವನಿಗೆ ಹೇಳಲಿಲ್ಲ.

ಮುಂದಿನ ವರ್ಷ ಕೈರೋಕ್ಕ ಹೋದ, ಅಲ್ಲಿ ಅಕ್ಕ ಇದ್ಲಂತ.
ಉಣ್ಣದ ಆ ಮೂರು ದಿನದ ಆರು ಕೂಪನ್
ಇನ್ನೂ ಜ್ವಾಕಿ ಮಾಡಿದ್ದ, ವಾಪಸ್ ಕೊಟ್ಟ.
ತಗೊಂಡೆ. ಲೆಕ್ಕಾ ಅಂದ್ರ ಲೆಕ್ಕಾ.
ರಿಕ್ಷಾ ತಿರುವಿನಾಗ ಹೊಳ್ಳಿ ನೋಡ್ತಾನೇನೋ ಅಂತ ನಿಂತಿದ್ದೆ,
ಒಳಗ ಹಾಲು ಉಕ್ಕಿತು.

ಕಾರ್ಡು ಹಿಟ್ಟಿನ ಡಬ್ಬಿ ಮ್ಯಾಲೆ ಐತಿ,
ಸೊಟ್ಟ ಮೂಲಿ, ಹತ್ತೊಂಬತ್ತರ ಮಾರಿ.
ಹೊಸಾ ಗಿರಾಕಿ ಕೇಳ್ತಾರ, ಯಾರಿಂವ?
ನಮ್ಮ ಕಡೆಯಂವ, ಅಂತೀನಿ. ಜ್ವಾಳದ ಸೀಮಿಯಂವ.
ಸಾರು ಆರಾಕತ್ತೇತಿ, ಉಣ್ಣ್ರಿ.