ಗೆರೆಯಿಲ್ಲದ ಸೊನ್ನೆ

"ನಿನ್ನ ತಕ್ಕಡಿ ಕದಿಯುತ್ತೆ, ಟುರಿಡ್"
ಎಂದು ಐಲಿಫ್ ಮೂರು ಚೀಟಿ ಮೇಜಿಗೆ ಒಗೆದ.
ಮೀನಿನ ಪೊರೆ ಇನ್ನೂ ಅಂಟಿತ್ತು ಅವಕ್ಕೆ.
ಅಂಚಿನಲ್ಲಿ ಪೆನ್ಸಿಲಿನ ಅವನ ಲೆಕ್ಕ: ಎಂಟುನೂರ ಹನ್ನೆರಡು ಕಿಲೋ.
ಅಚ್ಚಾದದ್ದು: ಏಳುನೂರ ಅರವತ್ತೆಂಟು.
ಬಂದರಿನ ಉಳಿದ ದೋಣಿಗಳದ್ದು ಕಿಲೋ ತಪ್ಪಿಲ್ಲ.
ಇವನೊಬ್ಬನದೇ.

ವಾರ್ಡೊದಲ್ಲಿ ಡಿಸೆಂಬರಿಗೆ ಸೂರ್ಯ ಏಳುವುದಿಲ್ಲ.
ತೂಕದ ಮನೆಯ ಹೀಟರಿಗೆ ಕಾಲು ಕೊಟ್ಟು
ನಾನೇ ಬರೆದ ಸಿ ಸಾಲುಗಳನ್ನು
ಯಾರದೋ ಕಾಗದದಂತೆ ಓದಿದೆ.
ತೂಕಕ್ಕೆ ಬೆಲೆ ತುಂಬುವ ಸಾಲು ಒಂದೇ ಒಂದು.
ಆಮೇಲೆ ಅಚ್ಚಾಗುವ ತನಕ ಅದರ ಹೆಸರೆತ್ತಿದವರಿಲ್ಲ.
ಮುಟ್ಟದೆ ಬದಲಾಗುವುದೆಂದರೆ?

ನಡುವೆ ಒಂದು ಪ್ರಿಂಟ್‌ಎಫ್ ಇಟ್ಟೆ: ಸರಿಯಾಯಿತು.
ತೆಗೆದೆ: ತಪ್ಪಿತು.
ಮೇಷ್ಟ್ರು ತಿರುಗಿದರೆ ಸುಮ್ಮನಾಗುವ
ಹಿಂದಿನ ಬೆಂಚಿನ ಹಾಗೆ.
ತಂತಿ ಬದಲಿಸಿದೆ. ಕಂಪೈಲರನ್ನು ಬೈದೆ.
ಉಪ್ಪುಗಾಳಿಯನ್ನೂ ಬೈದೆ, ಅದು ಪಾಪ.

ಎರಡನೆಯ ಚೀಟಿ: ಮುನ್ನೂರಕ್ಕೆ ಇನ್ನೂರೈವತ್ತಾರು.
ಬೆನ್ನು ನೆಟ್ಟಗಾಯಿತು.
ಇನ್ನೂರೈವತ್ತಾರು ಮೀನುಗಾರರ ಅಂಕಿಯಲ್ಲ,
ನಮ್ಮವರದು.
ಯಾರೋ ತೂಕದ ಕಿರಿ ಬೈಟನ್ನು
ಒರೆಸಿ ಹೋಗಿದ್ದಾರೆ.

ನೆರೆಮನೆ ಯಾರದು, ನೋಡಿದೆ.
ದೋಣಿಯ ಹೆಸರಿನದು.
ನೂರ್‌ಸ್ಟ್ಯೋರ್ನಾ, ಬಡಗಣ ಚುಕ್ಕಿ:
ಹನ್ನೊಂದು ಅಕ್ಷರ, ಮುಗಿಯಿತೆನ್ನಲು ಒಂದು ಸೊನ್ನೆ,
ಹನ್ನೆರಡು ಕೋಣೆಗೆ ಹನ್ನೆರಡೇ ಮಂದಿ.
ಹೋದ ತಿಂಗಳವರೆಗೆ.

ಹೋದ ತಿಂಗಳು ಇದೇ ಐಲಿಫ್ ಬಂದು
"ಅಪ್ಪ ಇಟ್ಟ ಹೆಸರು. ಅದು ಬರೀ ಓ ಅಲ್ಲ,
ಮೈಮೇಲೆ ಓರೆಗೆರೆ ಬೇಕು" ಎಂದಿದ್ದ.
ಹಾಕಿಕೊಟ್ಟೆ. ಒಂದೇ ಗೆರೆ.
ಗೆರೆ ಹೊತ್ತ ಆ ಅಕ್ಷರ
ಇಬ್ಬರ ಜಾಗದಲ್ಲಿ ಕೂರುತ್ತದೆಂದು ಗೊತ್ತಿತ್ತು ನನಗೆ.
ಗೊತ್ತಿದ್ದೂ ಎಣಿಸಲಿಲ್ಲ.
ಒಬ್ಬೊಬ್ಬರೂ ಒಂದೊಂದು ಕೋಣೆ ಸರಿದು
ಕೊನೆಯ ಸೊನ್ನೆ, ಗೆರೆಯಿಲ್ಲದ್ದು,
ಗೋಡೆಯಾಚೆ ಬಿತ್ತು, ತೂಕದ ತೊಡೆಯ ಮೇಲೆ.

ಸದ್ದೂ ಆಗಲಿಲ್ಲ. ಸಿ ಅಂಥದಕ್ಕೆಲ್ಲ ಕೂಗುವುದಿಲ್ಲ.

ಹನ್ನೆರಡನ್ನು ಅಳಿಸಿ ಅರವತ್ನಾಲ್ಕು ಮಾಡಿದೆ,
ಬಾಗಿಲಲ್ಲಿ ಎಣಿಸಿ ಒಳಬಿಡುವ ಒಬ್ಬ ಕಾವಲುಗಾರನನ್ನೂ ನಿಲ್ಲಿಸಿದೆ.
ಬೆಳಗಿಲ್ಲದ ಬೆಳಿಗ್ಗೆ ಐಲಿಫ್‌ಗೆ ಫೋನು ಮಾಡಿ
ಎಲ್ಲ ಹೇಳಿದೆ.
ಅವನು ಬಹಳ ಹೊತ್ತು ಸುಮ್ಮನಿದ್ದ.
"ಗೆರೆ ತೆಗೆದೆಯಾ ಹಾಗಾದರೆ?"
ಇಲ್ಲ ಎಂದೆ.
"ಸರಿ" ಎಂದು ಇಟ್ಟ. ಮೀನಿನ ಹಣ ಕೇಳಲೇ ಇಲ್ಲ.

ಮೂರನೆಯ ಚೀಟಿ ಈಗ ಬಿಡಿಸಿ ನೋಡಿದೆ:
ಸಾವಿರದ ಇಪ್ಪತ್ತೈದಕ್ಕೆ ಸಾವಿರದ ಇಪ್ಪತ್ನಾಲ್ಕು.
ಒಂದು ಕಿಲೋ.
ಅದನ್ನೂ ಬಾಕಿಗೆ ಬರೆದುಕೊಂಡೆ.