ಮೂವತ್ಮೂರು ಯುನಿಟ್ಟು

ಇನ್ನೂ ಅಚ್ಚಾಗಿಲ್ಲ. ಪಂಚಮಿ ಆದ ಮ್ಯಾಲೆ ಕೊಡ್ತೀನಂತ
ಪ್ರೆಸ್ಸಿನ ಗುರುಪಾದ ಆಣಿ ಮಾಡ್ಯಾನ, ಅಂದ್ರ
ದಸರಾಕ್ಕಾದ್ರೂ ಬರ್ತೈತಿ ಅಂತ ತಿಳೀರಿ.
ನನಗ ಪ್ರೂಫ್ ಸಿಕ್ಕಿತ್ತು,
ಎರಡು ರಬ್ಬರ್ ಬ್ಯಾಂಡ್ ಹಾಕಿದ ಇನ್ನೂರಾ ಎಂಬತ್ತು ಹಾಳಿ.
ಕಾಗುಣಿತ ತಿದ್ರಿ ಅಂತ ಕೊಟ್ಟಿದ್ರು.
ಅರವತ್ತನೇ ಪುಟದಾಗ ಕೆಂಪು ಪೆನ್ನಿಗೆ ಟೊಪಗಿ ಹಾಕೂದು ಮರತೆ,
ಬೆಳಗಾಗೂದರಾಗ ಪೆನ್ನು ಒಣಗಿತ್ತು.

ಶುಕ್ರವಾರ ಸಂಜೀಕ ಶಹಾಪುರದ ಈ ವಾಚನಾಲಯದಾಗ
ಕೂಡೂ ನಾವು ಹನ್ನೊಂದು ಮಂದಿ. ಯಾರು ಏನಂತೀರಿ ನನಗ ಗೊತ್ತು.
ಇಂದುತಾಯಿ ವೈನಿ, ದೆವ್ವದ ಕತಿ ಅಂದ್ರ ನೀವು
ಕನ್ನಡಕ ತಗದು ಸೆರಗಿಲೆ ಒರಸ್ತೀರಿ.
ಬಾಳಾಸಾಹೇಬ ಸರ್, ನಿಮಗ ಊರು ಖರೇ ಇರಬೇಕು,
ವಿಳಾಸ ತಪ್ಪಿದ್ರ ಬರದವರಿಗೆ ಕಾರ್ಡು ಹಾಕ್ತೀರಿ.
ಅದಕ್ಕ ಮೊದಲ ಹೇಳ್ತೀನಿ: ಇದು ನಮ್ಮ ಬೆಳಗಾವೀನ.
ಎರಡನೇ ಗೇಟು ಬಿದ್ದಾಗ ಸ್ಕೂಟರ್ ಹೆಂಗ ಓರೆ ನಿಲ್ತಾವು,
ಖಡೇಬಜಾರದ ಅರಿವಿ ಅಂಗಡಿ ಕಟ್ಟಿಮ್ಯಾಲೆ
ಮಳಿಗೆ ಯಾರು ಯಾರ ಮೈಗೆ ಹತ್ತಿ ನಿಲ್ತಾರ,
ಎಲ್ಲಾ ಐತಿ. ಬರೇ ಒಂದು ಗಲ್ಲಿ ಹೆಚ್ಚಿಗಿ ಐತಿ.

ರಾಜಮತಿ ಮಗದುಮ್, ಕರೆಂಟು ಆಫೀಸಿನ ಮೀಟರ್ ಓದಾಕಿ,
ಬಿಲ್ಲಿನ ಮಿಷನ್ ಕೊರಳಿಗೆ ಹಾಕ್ಕೊಂಡು
ವಡಗಾವಿ ಮಗ್ಗದ ಮನಿ ಮನಿ ತಿರಗ್ತಾಳ.
ಒಂದು ನಂಬರಿಗೆ ಮನೀನ ಇಲ್ಲ. ಗ್ವಾಡಿ ಐತಿ.
ಆದ್ರ ತಿಂಗಳಾ ಮೂವತ್ಮೂರು ಯುನಿಟ್ಟು ಸುಡ್ತೈತಿ,
ರೊಕ್ಕಾನೂ ತುಂಬ್ತೈತಿ, ಒಂದು ಪೈಸಾ ಬಾಕಿ ಇಲ್ಲ.
ಇಷ್ಟು ಪ್ರಾಮಾಣಿಕ ದೆವ್ವ ನಮ್ಮೂರಾಗ ಯಾವದಪಾ ಅಂತ
ಹುಡಕಾಕ ಹೊಂಡ್ತಾಳ.

ಅಮಾಸಿ ರಾತ್ರಿ, ಪವರ್ ಲೂಮ್ ಎಲ್ಲಾ ನಿಂತ ಮ್ಯಾಲೆ
ಒಂದು ಮಗ್ಗ ಮಾತ್ರ ಖಟ್ ಖಟ್ ಅಂತೈತಿ.
ಅದು ನೇಯೂದು ಸೀರಿ ಅಲ್ಲ, ಗಲ್ಲಿ.
ಅಂಚಿಗೆ ಗಟಾರ, ಸೆರಗಿಗೆ ಒಂದು ಬಾಂವಿ,
ಒಡಲ ತುಂಬ ಬಾಗಲಾ.
ಅಲ್ಲಿ ಯಾರಿರ್ತಾರ, ನಾ ಬಾಯಿ ಬಿಡೂದಿಲ್ಲ.
ಒಂದು ಗೂಗಿ ಬಗ್ಗೆ ಮಾತ್ರ ಹೇಳ್ತೀನಿ:
ಸಮ ತಾರೀಖಿಗೆ ಕನ್ನಡ, ಬೆಸ ತಾರೀಖಿಗೆ ಮರಾಠಿ ಆಡ್ತೈತಿ.
ಮೂವತ್ತೊಂದು ಮುಗದು ಒಂದು ಬಂದ್ರ
ಎರಡು ದಿನ ಸಾಲಾಗಿ ಮರಾಠೀನ ಆತಲ್ಲ ಅಂತ
ಗಲ್ಲಿ ಮುದುಕರು ಪಂಚಾಯ್ತಿ ಕೂಡಸ್ತಾರ.
ನಾ ನಕ್ಕಿದ್ದಕ್ಕ ಬಾಜೂ ಮನಿ ಬಿಬಿಜಾನ್ ಗ್ವಾಡಿ ಗುದ್ದಿದ್ಲು,
ರಾತ್ರಿ ಎರಡಾಗಿತ್ತು.

ತಪ್ಪೂ ಹೇಳಬೇಕಲ್ಲ.
ಮೊದಲ ನಲವತ್ತು ಪುಟ ಎತ್ತು ಕುಂತ ಗಾಡಿ.
ವೈರು, ಫ್ಯೂಜು, ಸೀಲು, ಮತ್ತ ವೈರು.
ಬರದಾಕಿ ತಾನೂ ಹದಿನಾಕು ವರ್ಷ ಅದನ್ನ ಮಾಡಿದಾಕಿ, ಬಿಡಲಾರಳು.
ಪ್ರೀತಿ ಮಾಡೂ ಹುಡುಗ ಒಬ್ಬ ಅದಾನ, ಬರೇ ಚಹಾ ಕುಡೀತಾನ.
ತಡಕೊಳ್ರಿ.
ನಲವತ್ತೊಂದಕ್ಕ ಆಕಿ ಗ್ವಾಡಿಗೆ ಅಂಗೈ ಹಚ್ತಾಳ,
ಗ್ವಾಡಿ ಬೆಚ್ಚಗಿರ್ತೈತಿ, ಜ್ವರ ಬಿಟ್ಟ ಕೂಸಿನ ಹಣಿ ಹಂಗ.

ಇನ್ನೂರಾ ಹನ್ನೆರಡನೇ ಪುಟಕ್ಕ ನಮ್ಮ ಕಡೆ ಲೈಟ್ ಹೋದ್ವು.
ಮೇಣಬತ್ತಿ ಹುಡಕಲಿಲ್ಲ, ಕಿಡಕಿಗೆ ಹೋಗಿ ನಿಂತೆ.
ಇಪ್ಪತ್ತೆಂಟು ವರ್ಷದಿಂದ ಇದ್ದ ಗಲ್ಲಿ, ಬಾಗಲಾ ಎಷ್ಟದಾವಂತ
ಒಂದು ದಿನಾನೂ ಎಣಿಸಿರಲಿಲ್ಲ. ಎಣಿಸಿದೆ. ಹದಿನೇಳು.
ಮುಂಜಾನೆ ಹಾಲು ತರಾಕ ಹೋಗಿ ಎಣಿಸಿದ್ರ ಹದಿನಾರು.
ನಿದ್ದಿಗಣ್ಣು ಅನ್ರಿ.
ವೈನಿ, ನೀವು ಆಗಲೇ ಅಂದ್ರಿ, ಕೇಳಿಸ್ತು.

ನೋಟಬುಕ್ ಇಲ್ಲೈತಿ, ಹೆಸರು ಬರಸ್ರಿ,
ರೊಕ್ಕ ಪುಸ್ತಕ ಬಂದ ಮ್ಯಾಲೆ ಕೊಡ್ರಿ.
ಗುರುಪಾದಗ ಹನ್ನೆರಡು ಪ್ರತಿ ಹೇಳೀನಿ.
ಗೊತ್ತೈತಿ ಸರ್, ಬೆರಳು ಮಡಚಬ್ಯಾಡ್ರಿ, ನಾವು ಹನ್ನೊಂದ ಮಂದಿ.
ಇರ್ಲಿ.
ಏಳ್ರಿ, ಮಳಿ ಹನೀತೈತಿ,
ಎರಡನೇ ಗೇಟು ಬೀಳೂ ಹೊತ್ತಾತು.