ತೂಕದವಳು

ಜೀಪಿನ ಹಿಂದೆ ಇಪ್ಪತ್ತು ಕೇಜಿಯ ಕಬ್ಬಿಣದ ಬಟ್ಟುಗಳು,
ಅವುಗಳ ಮೇಲೆ ಮಡಚಿಟ್ಟ ನನ್ನ ಗಿ, ನೀಲಿ ಬೆಲ್ಟು.
ಬಟ್ಟು ಸರ್ಕಾರದ್ದು.
ಗಿಗೆ ಟಿಎ ಬಿಲ್ಲಿಲ್ಲ.

ಟೂರು ಬಿದ್ದ ಊರಿನಲ್ಲಿ ನಾನು ಮೊದಲು
ಲಾಡ್ಜು ಕೇಳುವುದಿಲ್ಲ, ಮ್ಯಾಟು ಕೇಳುತ್ತೇನೆ.
ಹಾಸನದಲ್ಲಿ ಕಲ್ಯಾಣಮಂಟಪದ ಊಟದ ಹಾಲು;
ನಿನ್ನೆಯ ಸಾರಿನ ವಾಸನೆಯಲ್ಲಿ ಕುತ್ತಿಗೆ ಕೊಟ್ಟಿದ್ದೇನೆ.
ಉಡುಪಿಯಲ್ಲಿ ದಂತವೈದ್ಯರೊಬ್ಬರು ನನ್ನ ಮೊಣಕೈ ತಿರುವುತ್ತ
"ನೋವಾದ್ರೆ ಹೇಳಿ" ಅಂದರು, ರೂಢಿಯ ಮೇಲೆ.

ಗೋಣಿಕೊಪ್ಪದ್ದು ಹಳೆಯ ಕಾಫಿ ಗೋದಾಮಿನ ಅಟ್ಟ.
ಪೊನ್ನಂಪೇಟೆ ರಸ್ತೆಯಲ್ಲಿ ಟಯರ್ ಅಂಗಡಿ ದಾಟಿ ಕಬ್ಬಿಣದ ಏಣಿ.
ಗೋಡೆಗೆ ಪೇಂಟಿನಲ್ಲಿ ಜಿಯು ಜಿಟ್ಸು,
ಅದರಡಿ ಪೂರ್ತಿ ಅಳಿಯದ "ಬಾಡಿಗೆಗೆ ಇದೆ".
ಕೆಳಗೆ ಕಣದಲ್ಲಿ ರೋಬಸ್ಟಾ ಒಣಗುತ್ತಿದೆ,
ಹಣ್ಣಿನ ಹುಳಿ ಘಾಟು ನನಗಿಂತ ಮೊದಲೇ ಮೇಲೆ ಹತ್ತಿದೆ.

ಹವಿಲ್ದಾರ್ ಕುಶಾಲಪ್ಪ, ಬಲ ಮಂಡಿಗೆ ಪಟ್ಟಿ ಸುತ್ತಿದವರು,
ಊರು ಕೇಳಲಿಲ್ಲ, ಗಂಡ ಏನು ಮಾಡ್ತಾರೆ ಕೇಳಲಿಲ್ಲ.
"ಉಗುರು ತೋರಿಸಿ" ಅಂದರು.
ತೋರಿಸಿದೆ, ಶಾಲೆಯ ಸೋಮವಾರದ ಹಾಗೆ.
"ಭುಜ, ಕುತ್ತಿಗೆ, ಹಳೇ ಪೆಟ್ಟು ಏನಾದ್ರೂ?"
ತಪಾಸಣೆ ಮಾಡುವವಳನ್ನು
ಯಾರಾದರೂ ತಪಾಸಣೆ ಮಾಡಿ ಎಷ್ಟು ದಿನವಾಯಿತು.

ಮೊದಲ ಸುತ್ತಿಗೆ ನಸ್ರೀನ, ನರ್ಸಿಂಗ್ ಎರಡನೇ ವರ್ಷ.
ನಲವತ್ತೆಂಟು ಕೇಜಿ. ನನ್ನ ಕಣ್ಣು ತಪ್ಪುವುದಿಲ್ಲ,
ತಪ್ಪಿದರೆ ಅರ್ಧ ಕೇಜಿ ಆಚೀಚೆ.
ಎದೆಯ ಮೇಲೆ ಅಡ್ಡ ಬಿದ್ದಳು ನೋಡಿ,
ಎಂಬತ್ತು ತೂಗಿದಳು!
ಹದಿನೇಳು ವರ್ಷದ ಸರ್ವೀಸಿನಲ್ಲಿ
ಇಂಥ ಸುಳ್ಳು ತೂಕ ಕಂಡಿಲ್ಲ.
"ಅದ್ಹೇಗೆ?" ಅಂದೆ, ಉಸಿರು ವಾಪಸು ಬಂದ ಮೇಲೆ.
"ಮಂಡಿ ನೆಲಕ್ಕೆ ಊರಬಾರದು ಅಕ್ಕಾ.
ಊರಿದರೆ ಅರ್ಧ ತೂಕ ನೆಲವೇ ತಿಂತದೆ."

ಎರಡನೇ ಸುತ್ತಿಗೆ ಎದುರು ಬಂದು ಕೂತವನು ಪೂಣಚ್ಚ.
ಬೈಪಾಸಿನ ಕಾಫಿ ವ್ಯಾಪಾರಿ.
ಮಧ್ಯಾಹ್ನ ಮೂರೂವರೆಗೆ ಅವನ ತಕ್ಕಡಿಗೆ
ಸೀಲು ಹಾಕಿದ ಕೈ ಇದೇ.
ಐವತ್ತು ಕೇಜಿಗೆ ನಾನ್ನೂರು ಗ್ರಾಂ ನುಂಗುವ ತಕ್ಕಡಿ.
ಆಗಲೂ ಅವನು ಮಾತಾಡಿರಲಿಲ್ಲ,
ಮೇಜಿನ ಮೇಲಿನ ಬೀಜಗಳನ್ನು ಬೆರಳಲ್ಲಿ
ಒಂದೊಂದೇ ಸರಿಸುತ್ತಿದ್ದ.
ಈಗಲೂ ಇಲ್ಲ.
ಅಂಗೈ ತಟ್ಟಿ, ಮುಷ್ಟಿ ಮುಟ್ಟಿಸಿದೆವು.

ಐದು ನಿಮಿಷದ ಗಡಿಯಾರ.
ನಾಲ್ಕನೆಯ ನಿಮಿಷದಲ್ಲಿ ಬೆನ್ನಿಗೆ ಬಂದ.
ಒಂದು ಕೈ, ಹೆಬ್ಬೆರಳು ಮುಂದಾಗಿ, ಕಾಲರಿನೊಳಗೆ ಇಳಿಯಿತು.
ನನ್ನದೇ ಬಟ್ಟೆ ನನ್ನ ಕೊರಳಿಗೆ ಹಗ್ಗವಾಗುವುದನ್ನು
ಇಪ್ಪತ್ತು ಊರುಗಳಲ್ಲಿ ಅನುಭವಿಸಿದ್ದೇನೆ,
ಅಲ್ಲಿ ಯಾರಿಗೂ ಕಾರಣವಿರಲಿಲ್ಲ.
ಇವನಿಗಿದೆ.

ಕಿವಿಯಲ್ಲಿ ಎಲ್ಲೋ ದೂರದ ಗಿರಣಿಯ ಸದ್ದು.
ಟ್ಯೂಬ್‌ಲೈಟು ಅಂಚಿನಿಂದ ಕಪ್ಪಾಗುತ್ತ ಬಂತು.
ತಟ್ಟಿದೆ, ಅವನ ಮೊಣಕೈಗೆ.
ಎರಡನೆಯ ತಟ್ಟು ಬೀಳುವ ಮೊದಲೇ ಬಿಟ್ಟಿದ್ದ.

ನಮ್ಮ ಕೊಪ್ಪಳದಲ್ಲಿ ಸಾಕು ಅನ್ನುತ್ತೇವೆ,
ನಸ್ರೀನಳ ಮನೆಯಲ್ಲಿ ಮದಿ,
ಹವಿಲ್ದಾರರು ಗಡಿಯಲ್ಲಿ ಏನನ್ನುತ್ತಿದ್ದರೋ.
ಪೂಣಚ್ಚ ನನ್ನ ಬೆನ್ನು ತಟ್ಟಿ, ನೀರಿನ ಬಾಟಲಿ ಚಾಚಿದ.

ಏಣಿ ಇಳಿಯುವಾಗ ಕೇಳಿದ:
"ಸೀಲು ಯಾವಾಗ ಬಿಚ್ತೀರಿ ಮೇಡಂ? ಕೊಯ್ಲು ಮುಗೀತಾ ಬಂತು."
"ರಿಪೇರಿ ಮಾಡಿಸಿ. ದಂಡ ಕಟ್ಟಿ. ಮಡಿಕೇರಿ ಆಫೀಸಿಗೆ ತನ್ನಿ."
ನಾಲ್ಕು ಮೆಟ್ಟಿಲು ಸುಮ್ಮನೆ ಇಳಿದೆವು.
"ನಾಳೆ ಸಂಜೆ ಇಲ್ಲಿಗೆ ಬರ್ತೀರಾ?"
"ಬರ್ತೇನೆ."
ನಕ್ಕನೋ ಇಲ್ಲವೋ, ಕತ್ತಲಲ್ಲಿ ತಿಳಿಯಲಿಲ್ಲ.

ಲಾಡ್ಜಿನ ಕನ್ನಡಿಯಲ್ಲಿ
ಕೊರಳಿಗೆ ಅಡ್ಡ ಒಂದು ಕೆಂಪು ಗೆರೆ.
ಶಾಲು ಹೊದ್ದುಕೊಂಡು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ.
"ಯವ್ವಾ, ಅಲ್ಲಿ ಅಷ್ಟು ಥಂಡಿ ಐತೇನು?" ಅಂದಳು.
ಹೂಂ ಅಂದೆ.
ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.